ಕಲಾಯಿ ಫಕೀರಪ್ಪನ ಜ್ವರ

ಜುಲೈ ೮, ೨೦೨೪

ಓದಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಕಾರಣವಿಲ್ಲ. ಊಟ ಬಿಟ್ಟರೂ ಓದು ಬಿಟ್ಟವಳಲ್ಲ ನಾನು. ಹಾಲು ಉಕ್ಕಿಸಿದ್ದೇನೆ, ಸಾರು ಸೀಯಿಸಿದ್ದೇನೆ, ಅದಕ್ಕಾಗಿ ಅತ್ತೆಯ ಕೈಲಿ ಬೈಸಿಕೊಂಡಿದ್ದೇನೆ. ಈಗ ಪುಸ್ತಕ ಬಿಡಿಸಿದರೆ ಕಣ್ಣು ಸಾಲಿನ ಮೇಲೆ ಓಡುತ್ತದೆ, ಒಳಗೆ ಏನೂ ಇಳಿಯುವುದಿಲ್ಲ.

ಇವರು ಹೋಗಿದ್ದು ಬಕ್ರೀದ್ ಆದ ವಾರದಲ್ಲಿ. ಬಸ್‌ಸ್ಟ್ಯಾಂಡ್ ಹತ್ತಿರದ ನಮ್ಮ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂತಲ್ಲೇ ಒರಗಿದರಂತೆ. ಜೊತೆಗೆ ಕೆಲಸ ಮಾಡುವ ಆಕಿಬ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಹೊಸಿಲು ದಾಟುವಂತಿಲ್ಲ, ಬಳೆ, ಅತ್ತರು ಯಾವುದೂ ಇಲ್ಲ. ನನಗೆ ಕಷ್ಟವೇನೂ ಆಗಿಲ್ಲ. ಹೊರಗೆ ಹೋಗಬೇಕು ಅನ್ನಿಸಿದರೆ ತಾನೇ ಕಷ್ಟ.

ಮೊಬೈಲಿನಲ್ಲಿ ಸಾಂತ್ವನ ಬರುತ್ತಲೇ ಇದೆ. ಗುಡ್ ಮಾರ್ನಿಂಗ್ ಹೇಳಲು ಕಳಿಸುತ್ತಿದ್ದ ಅದೇ ಗುಲಾಬಿಯ ಕೆಳಗೆ ಈಗ ಸಾವಿನ ಮಾತು ಅಂಟಿಸಿ ಕಳಿಸುತ್ತಾರೆ. ಸ್ವಂತದ್ದೊಂದು ವಾಕ್ಯ ಬರೆದವರು ಒಬ್ಬರೂ ಇಲ್ಲ. ನಾನು ಎಲ್ಲದಕ್ಕೂ ಹೆಬ್ಬೆಟ್ಟಿನ ಚಿತ್ರ ಒತ್ತಿದೆ. ಸಾವಿಗೆ ಹಂಗೆಲ್ಲ ಹೆಬ್ಬೆಟ್ಟು ಒತ್ತಬಾರದಂತೆ, ಪಕ್ಕದ ಮನೆಯ ಸಾಯಿಮಾ ಬಂದು ಹೇಳಿಹೋದಳು. ಅವಳು ಆಕಿಬ್‌ನ ಹೆಂಡತಿ.

ನಾನು ಇನ್ನೂ ಅತ್ತಿಲ್ಲ. ಬಂದ ಹೆಂಗಸರು ಮೊದಲು ನನ್ನ ಕಣ್ಣು ನೋಡುತ್ತಾರೆ, ಆಮೇಲೆ ಕೂರುತ್ತಾರೆ.

ಜುಲೈ ೧೪

ಗ್ರಂಥಾಲಯದಿಂದ ಪುಸ್ತಕ ತರುತ್ತಿದ್ದವರು ಇವರೇ. ಇವರಿಗೆ ಓದಿನ ಗೀಳಿಲ್ಲ, ತೂಕ ನೋಡಿ ಆರಿಸುತ್ತಿದ್ದರು. "ತೆಳ್ಳಂದು ತಂದ್ರೆ ಎರಡೇ ದಿನಕ್ಕೆ ಮುಗಿಸಿ ಮತ್ತೆ ಓಡಿಸ್ತೀಯ. ದಪ್ಪಂದೇ ತಂದೀನಿ, ತಗಾ" ಎನ್ನುತ್ತಿದ್ದರು. ಹೀಗಾಗಿ ದಪ್ಪ ಪುಸ್ತಕಗಳಲ್ಲಿ ಕೆಟ್ಟವು ಎಷ್ಟಿವೆ ಎಂಬುದು ಈ ಚನ್ನಗಿರಿಯಲ್ಲಿ ನನ್ನಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ.

ಮುನ್ನುಡಿ ನಾನು ಓದುವುದಿಲ್ಲ. ಮದುವೆ ಊಟಕ್ಕೆ ಹೋಗಿ ಅಡುಗೆಯವನ ಭಾಷಣ ಕೇಳಿದಂತೆ ಅದು. ಪುಸ್ತಕದ ಪಕ್ಕ ಕಾಫಿ ಲೋಟ ಇಟ್ಟು ಫೋಟೋ ಹಾಕುವವರನ್ನು ಕಂಡರೂ ನನಗಾಗುವುದಿಲ್ಲ. ಓದುವವರಿಗೆ ಕಾಫಿ ಆರಿದ್ದು ಗೊತ್ತಾಗಬಾರದು. ಇವರ ಮುಂದೆ ಇಂಥದ್ದೆಲ್ಲ ಹೇಳುತ್ತಿದ್ದೆ. ತಾಮ್ರದ ತಂತಿ ಸುತ್ತುತ್ತಲೇ ಹೂಂ, ಹೂಂ ಅನ್ನುತ್ತಿದ್ದರು. ಈಗ ಇಲ್ಲಿ ಬರೆಯುತ್ತಿದ್ದೇನೆ.

ಇವರು ಕೊನೆಗೆ ತಂದ ಪುಸ್ತಕ ಕಪಾಟಿನ ಮೇಲಿದೆ. ಹಳೆಯ ಕಾದಂಬರಿ, ಹೊದಿಕೆ ಕಿತ್ತುಹೋಗಿ ಗ್ರಂಥಾಲಯದವರು ಕೆಂಪು ರೆಕ್ಸಿನ್ ಕಟ್ಟಿಸಿದ್ದಾರೆ, ಹೆಸರೂ ಕಾಣುವುದಿಲ್ಲ. ಮೊದಲ ಪುಟ ನಾಲ್ಕಾರು ಸಲ ಓದಿದೆ. ಕಲಾಯಿ ಹಾಕುವವನೊಬ್ಬ ಊರಿಗೆ ಬರುತ್ತಾನೆ ಎಂಬುದಷ್ಟೇ ತಲೆಗೆ ಹತ್ತಿದೆ.

ಜುಲೈ ೨೧

ಹೊನ್ನಾಳಿಯಿಂದ ಅನೀಸ್ ಭಾಯಿ ಬಂದಿದ್ದರು. ನನಗಿರುವ ಅಣ್ಣ ಅವರೊಬ್ಬರೇ. ಒಳ್ಳೆಯವರು. ಬರುವಾಗ ಸೇಬು, ಬಿಸ್ಕತ್ತು, ಮೊಣಕಾಲು ನೋವಿನ ಎಣ್ಣೆ ತಂದಿದ್ದರು.

"ಇದ್ದತ್ ಮುಗಿದ ಮಾರನೇ ದಿನ ಕಾರ್ ತರ್ತೀನಿ ಮಸರತ್. ನೀನು ನಮ್ಮನೇಗೆ ಬಂದುಬಿಡು. ನಿಮ್ಮತ್ತೇನ ನ್ಯಾಮತಿ ಕಡೆ, ಗೋವಿನಕೋವಿಗೆ ಅವರ ಮಗಳ ಮನೇಗೆ ಬಿಟ್ಟು ಹೋಗಾಣ. ಬಾಡಿಗೆ ಮನೆ ಇಟ್ಕೊಂಡು ಇಬ್ಬರೇ ಹೆಂಗಸರು ಏನು ಮಾಡ್ತೀರಿ?"

"ಆಯ್ತು ಭಾಯಿ" ಎಂದೆ.

ಅತ್ತೆ ಪರದೆಯ ಹಿಂದೆ ಚಹಾ ಸೋಸುತ್ತಿದ್ದರು. ಕೇಳಿಸಿಯೇ ಇರಬೇಕು. ನನಗೆ ಮಕ್ಕಳಿಲ್ಲ. ಈ ಮನೆಗೆ ಬಂದಾಗಿನಿಂದ ಅತ್ತೆಯೂ ನಾನೂ ಒಂದೇ ಒಲೆಯ ಮುಂದೆ ಜಗಳವಾಡಿಕೊಂಡು ಬದುಕಿದ್ದೇವೆ. ಬೇಡ ಅನ್ನುವುದಿದ್ದರೆ ನಾನೇ ಅನ್ನಬೇಕು. ಸೊಸೆಯ ಅಣ್ಣನ ಮುಂದೆ ಅತ್ತೆ ಬಾಯಿಬಿಡುವವರಲ್ಲ. ಬೇಡ ಅನ್ನಿಸಲಿ ಎಂದು ಕಾದೆ. ಅನ್ನಿಸಲಿಲ್ಲ. ಹೋಗಬೇಕು ಅಂತಲೂ ಅನ್ನಿಸಲಿಲ್ಲ. ಸೇಬು ತೊಳೆದಿಟ್ಟೆ.

ಜುಲೈ ೨೯

ಮಧ್ಯಾಹ್ನ ಪುಸ್ತಕ ಹಿಡಿದು ಕೂತಿದ್ದೆ. ಅತ್ತೆ ಮಂಚದಿಂದ, "ಆವಾಗಿಂದ ನೋಡ್ತಿದೀನಿ, ಒಂದು ಹಾಳೆನೂ ತಿರುವಿಲ್ಲ. ಕಣ್ಣಾಗೆ ಹೋಗ್ತಿಲ್ಲ ಅಂದ್ರೆ ಬಾಯಾಗಾದ್ರೂ ಓದು. ನನಗೂ ಹೊತ್ತು ಹೋಗ್ಲಿ" ಎಂದರು.

ಓದಿದೆ.

ಆಗಸ್ಟ್ ೬

ನಮ್ಮ ಮನೆಮಾತು ಉರ್ದು. ಬರೆಯುವಾಗ ನನಗೆ ಕನ್ನಡವೇ ಬರುವುದು, ಶಾಲೆಯಲ್ಲಿ ಕಲಿತಿದ್ದು ಅದೊಂದೇ. ಅತ್ತೆ ಜಗಳೂರಿನವರು. ಅಕ್ಷರ ಬಾರದು, ಆದರೆ ಎರಡು ಭಾಷೆಯಲ್ಲೂ ಯಾರ ಬಾಯಿಯನ್ನಾದರೂ ಮುಚ್ಚಿಸಬಲ್ಲರು. ಮೊದಲ ದಿನವೇ ತಕರಾರು ತೆಗೆದರು. "ಪುಸ್ತಕದ ಕನ್ನಡ ಬ್ಯಾಡ. ಸಂತೆಗೆ ಹೋಗಿಬಂದು ಹೇಳ್ತಾರಲ್ಲ, ಹಂಗೆ ಹೇಳು."

ಹೀಗಾಗಿ ಓದುವುದಲ್ಲ, ನೋಡಿಕೊಂಡು ಹೇಳುವುದು. ಕಾದಂಬರಿಯವನ ಹೆಸರು ಫಕೀರಪ್ಪ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತ ಊರೂರು ತಿರುಗುತ್ತಾನೆ, ಬಾಗಿಲು ಬಾಗಿಲಲ್ಲೂ ಒಂದು ಮಾತು ಒಗೆದು ನಗಿಸುತ್ತಾನೆ. ಮನೆಯಲ್ಲಿ ಹೆಂಡತಿ, ತಾಯಿ. ಕಥೆ ಅಂಥದ್ದೇನಲ್ಲ. ಮಳೆಯ ವರ್ಣನೆಗೆ ಎರಡು ಪುಟ ತೆಗೆದುಕೊಳ್ಳುವ ಲೇಖಕ. ನಾನು ಮಳೆ ಬಂತು ಎಂದು ಹೇಳಿ ಮುಂದೆ ಹೋಗುತ್ತೇನೆ.

"ಈ ಫಕೀರಪ್ಪಂಗೆ ಮನೆಗೆ ಬರಾಕೆ ಏನು ಧಾಡಿ? ಮೂರು ಊರು ದಾಟಿದ್ರೂ ಹೆಂಡ್ತಿಗೆ ಒಂದು ಸುದ್ದಿ ಕಳಿಸಿಲ್ಲ" ಎಂದು ಅತ್ತೆ ಬೈದರು. ಅತ್ತೆ ಯಾರನ್ನಾದರೂ ಬೈದು ಬಹಳ ದಿನವಾಗಿತ್ತು.

ಆಗಸ್ಟ್ ೧೯

ಒಂದು ಎಡವಟ್ಟಾಗಿದೆ. ಸಾವಿನ ಮನೆ. ಇದ್ದತ್ ಕೂತವಳು ತಲೆ ಮೇಲೆ ದುಪಟ್ಟಾ ಹೊದ್ದು, ಕೆಂಪು ರಟ್ಟಿನ ದಪ್ಪ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಹಿಂದಿನ ಬೀದಿಯ ಹುಸೇನ್‌ಬೀ ಹೋದ ವಾರ ಮಾತಾಡಿಸಲು ಬಂದವರು ಬಾಗಿಲಲ್ಲೇ ನಿಂತು ಸೆರಗು ತಲೆಗೆಳೆದುಕೊಂಡು ಸದ್ದಿಲ್ಲದೆ ಮೂಲೆಯಲ್ಲಿ ಕೂತರು. ಅಂದಿನ ಓದು ಮುಗಿದಾಗ ಆಮೀನ್ ಎಂದರು. ಮಾರನೇ ದಿನ ಇನ್ನಿಬ್ಬರನ್ನು ಕರೆತಂದರು. ಈಗ ಕೋಣೆ ತುಂಬಿರುತ್ತದೆ. ಯಾರೋ ಲೋಬಾನದ ಹೊಗೆ ಹಾಕಿದರು, ಇನ್ಯಾರೋ ಸಕ್ಕರೆ ತಂದರು.

ಎದುರು ಮನೆಯ ಲಕ್ಷ್ಮಿದೇವಿಯೂ ಹೂವಿನ ಬುಟ್ಟಿ ತಂದುಕೊಂಡು ಹೊಸಿಲ ಹತ್ತಿರ ಕೂರುತ್ತಾಳೆ. ಅವಳದ್ದೂ ತಲೆ ಮೇಲೆ ಸೆರಗು. ಫಕೀರಪ್ಪ ಎಂಬ ಹೆಸರಿನಿಂದ ಹುಸೇನ್‌ಬೀಗೆ ಅವನು ನಮ್ಮವನು, ಲಕ್ಷ್ಮಿದೇವಿಗೆ ಅವರವನು. ಯಾವುದೋ ಕಾಲದಲ್ಲಿ ನಿಜವಾಗಿ ಬದುಕಿದ್ದ ಪುಣ್ಯವಂತ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಅವನು ಊರೊಂದರ ಗೌಡತಿಗೆ ಹಸಿ ಸುಳ್ಳು ಹೇಳಿ ತಪ್ಪಿಸಿಕೊಂಡ ದಿನ ಲಕ್ಷ್ಮಿದೇವಿ, "ಅಂಥ ದೊಡ್ಡೋರೂ ಹಿಂಗೆ ಸುಳ್ಳು ಹೇಳ್ತಿದ್ರಾ ಅಕ್ಕಾ?" ಎಂದು ಕೇಳಿದಳು. ಕಾಲ ಹಂಗಿತ್ತು ಎಂದು ಹುಸೇನ್‌ಬೀಯೇ ಸಮಾಧಾನ ಹೇಳಿದರು.

ಎಲ್ಲರೂ ಹೋದ ಮೇಲೆ ಅತ್ತೆಯನ್ನು ಕೇಳಿದೆ, "ಮಾ, ಇದು ಕಾದಂಬರಿ ಅಂತ ಹೇಳಿಬಿಡಲಾ?"

"ಬ್ಯಾಡ. ಕಥೆ ಅಂತ ಗೊತ್ತಾದ್ರೆ ಮಧ್ಯದಾಗೆ ಬಾಯಿ ಹಾಕ್ತಾರೆ. ನನ್ನ ಮಗ ಗೌಸ್‌ಪೀರ್ ಹೆಂಗೆ ಬಿದ್ದ, ಏನಂದ, ಎಲ್ಲಾ ಮತ್ತೆ ಕೇಳ್ತಾರೆ. ಹಿಂಗೆ ತೆಪ್ಪಗೆ ಕೂತಿರ್ಲಿ."

ಸರಿ, ಕೂತಿರಲಿ ಎಂದು ನಾನೂ ಸುಮ್ಮನಾದೆ.

ಆಗಸ್ಟ್ ೨೭

ಸಾಯಿಮಾ ಅವಳು ನೋಡುವ ಧಾರಾವಾಹಿಯ ಕಥೆ ಹೇಳಿದಳು. ಅದರಲ್ಲಿ ಸತ್ತವನು ಮುಖಕ್ಕೆ ಆಪರೇಷನ್ ಮಾಡಿಸಿಕೊಂಡು ವಾಪಸ್ ಬಂದಿದ್ದಾನಂತೆ. ಜನ ಕೇಳಿದರು ಅಂತ ಬದುಕಿಸಿದರಂತೆ. ನನಗೆ ರೇಗಿತು. ಕಥೆ ಅಂದ ಮೇಲೆ ಒಬ್ಬ ಸತ್ತರೆ ಸತ್ತ. ನೋಡುವವರಿಗೆ ಬೇಜಾರಾಗುತ್ತದೆಂದು ತಿದ್ದುತ್ತ ಹೋದರೆ ಕೊನೆಗೆ ಏನುಳಿಯುತ್ತದೆ? ಈಗಿನವರಿಗೆ ಬೇಡದ್ದನ್ನು ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುವುದು ರೂಢಿಯಾಗಿದೆ. ಪುಸ್ತಕವನ್ನು ಹಾಗೆ ತಳ್ಳಲು ಬರುವುದಿಲ್ಲ. ನನಗೆ ಪುಸ್ತಕ ಇಷ್ಟವಾಗುವುದೇ ಅದಕ್ಕೆ.

ಸಾಯಿಮಾ, "ಆಪಾ, ಇವತ್ತು ನೀವು ಜೋರಾಗಿ ಮಾತಾಡಿದ್ರಿ" ಎಂದಳು. ಇರಬಹುದು.

ಸೆಪ್ಟೆಂಬರ್ ೨

ಇವತ್ತಿನ ಅಧ್ಯಾಯದಲ್ಲಿ ಫಕೀರಪ್ಪನಿಗೆ ಗೊತ್ತಿಲ್ಲದ ಊರಿನಲ್ಲಿ ಜ್ವರ ಬಂತು. ಶಾಲೆಯ ಕಟ್ಟೆಯ ಮೇಲೆ ಮಲಗಿ ತಾಯಿಯನ್ನೂ ಹೆಂಡತಿಯನ್ನೂ ಕರೆಯುತ್ತಾನೆ. ಅಲ್ಲಿಗೆ ನಿಲ್ಲಿಸಿದೆ.

ಯಾರೂ ಏಳಲಿಲ್ಲ. ಹುಸೇನ್‌ಬೀ ಎರಡೂ ಕೈ ಎತ್ತಿ, "ಯಾ ಅಲ್ಲಾ, ಆ ಕಲಾಯಿಯವನಿಗೆ ಜ್ವರ ಇಳಿಸಿ ಶಿಫಾ ಕೊಡು. ಅವನ ತಾಯಿ ಹೊಟ್ಟೆ ಉರಿಸಬ್ಯಾಡ, ಹೆಂಡ್ತಿ ಬಳೆ ಕಾಪಾಡು" ಎಂದು ಬೇಡಿಕೊಂಡರು. ಎಲ್ಲರೂ ಆಮೀನ್ ಅಂದರು. ಲಕ್ಷ್ಮಿದೇವಿ ಕಣ್ಣು ಮುಚ್ಚಿ ಕೈಮುಗಿದಿದ್ದಳು. ಅತ್ತೆಯ ಕೈಯೂ ಮೇಲೆದ್ದಿತ್ತು. ನಾನು ಪುಸ್ತಕ ಹಿಡಿದಿದ್ದರಿಂದ ಕೈ ಎತ್ತಲಿಲ್ಲ.

ಮುಂದಿನ ಅಧ್ಯಾಯ ತೆಗೆದು ನೋಡಿದೆ. ಮೊದಲ ಸಾಲಿನಲ್ಲೇ ಸತ್ತಿದ್ದಾನೆ.

ಸೆಪ್ಟೆಂಬರ್ ೩

ಹೆಂಗಸರು ಬಾಗಿಲಲ್ಲೇ ಕೇಳಿದರು, "ಹೆಂಗವ್ನೆ?"

ಪುಸ್ತಕ ಬಿಡಿಸಿದೆ. ಸತ್ತ ಎಂಬ ಅಕ್ಷರ ಎದುರಿಗೇ ಇತ್ತು. "ಬೆಳಗಾಗೋ ಹೊತ್ತಿಗೆ ಬೆವರು ಬಂತು, ಜ್ವರ ಇಳೀತು" ಎಂದು ಓದಿದೆ.

ದುವಾ ಕಬೂಲ್ ಆಯಿತು, ಬೇಡಿಕೊಂಡಿದ್ದು ಫಲಿಸಿತು ಎಂದು ಹುಸೇನ್‌ಬೀ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ನನ್ನ ಬಾಯಿಗೂ ಹಾಕಿದರು.

ಸೆಪ್ಟೆಂಬರ್ ೧೭

ಈದ್ ಮಿಲಾದ್ ಮೆರವಣಿಗೆಯ ಸದ್ದು ನಿನ್ನೆ ಕಿಟಕಿಯಿಂದ ಕೇಳಿದೆ.

ಪುಸ್ತಕ ಬಿಡಿಸಿಕೊಂಡೇ ಕೂರುತ್ತೇನೆ, ಹೇಳುವುದು ಮಾತ್ರ ನನ್ನದು. ಕಥೆ ಕಟ್ಟುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಲೇಖಕರನ್ನು ಸುಮ್ಮಸುಮ್ಮನೆ ಬೈದೆ. ಫಕೀರಪ್ಪನನ್ನು ಹೇಗೋ ಊರಿಗೆ ಕರೆತಂದೆ. ಆಮೇಲೆ ಅವನ ಕೈಲಿ ಏನು ಮಾಡಿಸಬೇಕೋ ತೋಚುತ್ತಿಲ್ಲ. ಉಣ್ಣಿಸುತ್ತೇನೆ, ಮಲಗಿಸುತ್ತೇನೆ, ಅಂಗಳದಲ್ಲಿ ಕೂರಿಸುತ್ತೇನೆ. ಹೆಂಗಸರು ಅಷ್ಟಕ್ಕೇ ಸಂತೋಷಪಟ್ಟು ಎದ್ದು ಹೋಗುತ್ತಾರೆ.

ಅನೀಸ್ ಭಾಯಿ ಫೋನ್ ಮಾಡಿ, ಹೊನ್ನಾಳಿಯಲ್ಲಿ ನನಗೆಂದು ಒಂದು ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆಂದು ಹೇಳಿದರು. ಯಾವ ಬಣ್ಣ ಬೇಕು ಎಂದು ಕೇಳಿದರು. ಯಾವುದಾದರೂ ಆಗುತ್ತದೆ ಎಂದೆ.

ಸೆಪ್ಟೆಂಬರ್ ೩೦

ಇವತ್ತೂ ಫಕೀರಪ್ಪ ಉಂಡ, ಮಲಗಿದ.

ಅಕ್ಟೋಬರ್ ೯

ಮಧ್ಯಾಹ್ನ ಕರೆಂಟ್ ಇರಲಿಲ್ಲ, ಸೆಕೆ. ಯಾರೂ ಇನ್ನೂ ಬಂದಿರಲಿಲ್ಲ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕೇಳಿದರು, "ಮಸರತ್, ಆ ಫಕೀರಪ್ಪ ಸತ್ತು ಎಷ್ಟು ದಿನ ಆತು?"

"ಸತ್ತಿಲ್ಲವಲ್ಲ ಮಾ. ಜ್ವರ ಬಿಡ್ತಲ್ಲ."

"ಜ್ವರ ಬಿಟ್ಟಾಗಿಂದ ಅವ ಒಂದು ಮಾತಾಡಿಲ್ಲ. ಮೊದ್ಲು ಬಾಗಿಲು ಬಾಗಿಲಿಗೂ ನಗಿಸ್ಕೊಂಡು ಹೋಗೋನು. ಈಗ ಉಣ್ತಾನೆ, ಮಲಗ್ತಾನೆ, ಎದ್ದು ಅಂಗಳದಾಗೆ ಕೂತ್ಕಂತಾನೆ. ಹೆಂಡ್ತಿ ಕರೆದ್ರೆ ಓ ಅನ್ನಲ್ಲ, ತಾಯಿ ಕರೆದ್ರೂ ಓ ಅನ್ನಲ್ಲ. ಬದುಕಿರೋ ಮನುಷ್ಯ ಹಂಗಿರ್ತಾನಾ?"

ನಾನೂ ಒಂದು ಗಡ್ಡೆ ತೆಗೆದುಕೊಂಡು ಸುಲಿಯತೊಡಗಿದೆ.

"ಮಣ್ಣು ಕೊಡದೆ ಅಂಗಳದಾಗೆ ಕೂರಿಸಿಟ್ಟೀಯಲ್ಲ ಬೇಟಿ. ಪಾಪ, ಅವನಿಗೂ ಸಾಕಾಗಿರ್ತೈತೆ. ಕಳಿಸಿಕೊಡು. ಏನು ಬರೆದೈತೋ ಅದನ್ನೇ ಓದು, ನಾನು ಕೇಳ್ತೀನಿ."

ಆ ಅಧ್ಯಾಯ ತೆಗೆದೆ. ಪುಸ್ತಕದ ಕನ್ನಡದಲ್ಲೇ ಓದಿದೆ, ಬಿಡಿಸಿ ಹೇಳಲಿಲ್ಲ. ಅವನು ಸತ್ತ. ಆ ಊರಿನವರೇ ಮಣ್ಣು ಮಾಡಿದರು. ಯಾರೋ ಅವನ ಚೀಲ ತಂದು ಮನೆಗೆ ಕೊಟ್ಟರು. ಹೆಂಡತಿ ಚೀಲ ಬಿಚ್ಚಿ ಇಕ್ಕಳ, ತವರದ ತುಂಡು, ನವಸಾಗರದ ಪೊಟ್ಟಣ ಒಂದೊಂದನ್ನೇ ಹೊರಗಿಟ್ಟಳು. ಅಲ್ಲಿ ನಿಂತೆ.

ಇವರು ಹೋದ ದಿನ ಆಕಿಬ್ ಅಂಗಡಿಯಿಂದ ಇವರ ಊಟದ ಡಬ್ಬಿ ತಂದು ಬಾಗಿಲಲ್ಲಿಟ್ಟು ಹೋಗಿದ್ದ. ಮುಚ್ಚಳ ತೆಗೆದಿರಲಿಲ್ಲ. ಬದನೆಕಾಯಿ ಪಲ್ಯ, ಎರಡು ರೊಟ್ಟಿ. ಮನೆ ತುಂಬ ಜನ. ನಾನು ಅದನ್ನು ಸುರಿದು ಡಬ್ಬಿ ತಿಕ್ಕಿ ತೊಳೆದು ಬೋರಲು ಹಾಕಿದೆ, ದಿನಾ ಸಂಜೆ ಹಾಕುವಂತೆ. ಹಸಿದುಕೊಂಡು ಹೋದರು. ಹಸಿದುಕೊಂಡೇ ಹೋದರು ಎಂದು ಅತ್ತೆಗೆ ಹೇಳಿದೆ, ಎಷ್ಟು ಸಲ ಹೇಳಿದೆನೋ. ಅತ್ತೆ ಬೆಳ್ಳುಳ್ಳಿಯ ಕೈಯಲ್ಲೇ ನನ್ನ ತಲೆ ಹಿಡಿದುಕೊಂಡಿದ್ದರು.

ಪುಸ್ತಕದ ಎರಡು ಪುಟ ಒದ್ದೆಯಾಗಿ ಉಬ್ಬಿವೆ. ಗ್ರಂಥಾಲಯದವರು ಏನೆನ್ನುತ್ತಾರೋ. ಬೇರೆ ವಿಶೇಷವಿಲ್ಲ. ಸಂಜೆ ಹಸಿವಾಯಿತು.

ಅಕ್ಟೋಬರ್ ೧೦

ಹೆಂಗಸರಿಗೆ ಎಲ್ಲ ಹೇಳಿದೆ. ಅವನು ಅವತ್ತೇ ಸತ್ತಿದ್ದ, ನಾನೇ ಬದುಕಿಸಿಟ್ಟಿದ್ದೆ, ಇದು ಕಾದಂಬರಿ, ಫಕೀರಪ್ಪ ಎಂಬುವನು ಇರಲೇ ಇಲ್ಲ.

ಹುಸೇನ್‌ಬೀಗೆ ಸಿಟ್ಟು ನೆತ್ತಿಗೇರಿತು. "ಇರಲೇ ಇಲ್ಲ ಅಂದ್ರೆ? ನಾವು ಅಷ್ಟು ಜನ ಕೈ ಎತ್ತಿದ್ವಲ್ಲ, ಆ ದುವಾ ಯಾರಿಗೆ ಹೋಯ್ತು ಹಂಗಾದ್ರೆ?"

ಲಕ್ಷ್ಮಿದೇವಿ ಹೂವು ಕಟ್ಟುತ್ತಲೇ, "ಎಲ್ಲೋ ಜ್ವರ ಬಂದು ಮಲಗಿದ್ದೋರಿಗೆ ಮುಟ್ಟಿರ್ತೈತೆ ಬಿಡ್ರಿ. ಪಾಪ, ಫಕೀರಪ್ಪನ ಹೆಂಡ್ತಿ ಮುಂದೆ ಏನು ಮಾಡಿದ್ಲು, ಅದನ್ನ ಓದ್ರಿ ಅಕ್ಕಾ" ಎಂದಳು. ಹುಸೇನ್‌ಬೀ ಸ್ವಲ್ಪ ಹೊತ್ತು ಗೊಣಗಿ, ಸೆರಗು ಸರಿಮಾಡಿಕೊಂಡು ಕೂತರು.

ಅಕ್ಟೋಬರ್ ೨೦

ಕಾದಂಬರಿ ಇವತ್ತು ಮುಗಿಯಿತು. ಫಕೀರಪ್ಪನ ಹೆಂಡತಿ ಗಂಟು ಕಟ್ಟಿಕೊಂಡು ಅಣ್ಣನ ಗಾಡಿ ಹತ್ತಿ ತವರಿಗೆ ಹೋಗುತ್ತಾಳೆ. ಮುದುಕಿ ಬಾಗಿಲಲ್ಲಿ ನಿಂತಿರುತ್ತಾಳೆ. ಅಷ್ಟೇ.

"ಹೋದ್ಲಾ? ಅತ್ತೇನ ಬಿಟ್ಟು?" ಎಂದು ಸಾಯಿಮಾ ಕೇಳಿದಳು.

"ಹೋದಳು. ಹಂಗೇ ಬರೆದಿದೆ" ಎಂದೆ. ತಿದ್ದಲಿಲ್ಲ. ಆದರೆ ಇದು ಕೆಟ್ಟ ಕೊನೆ. ಮುದುಕಿ ಆಮೇಲೆ ಒಳಗೆ ಹೋಗಿ ಒಬ್ಬಳೇ ಏನು ಬೇಯಿಸಿಕೊಂಡಳು ಎಂದು ಲೇಖಕನಿಗೆ ಒಂದು ಸಾಲು ಬರೆಯಲು ಪುರುಸೊತ್ತಾಗಲಿಲ್ಲ. ಮಳೆಗೆ ಮಾತ್ರ ಎರಡೆರಡು ಪುಟ.

ಅತ್ತೆ ಇವತ್ತು ಏನೂ ಬೈಯಲಿಲ್ಲ. ಸಂಜೆ ಟ್ರಂಕಿನಿಂದ ಸೀರೆಗಳನ್ನು ತೆಗೆದು ಒಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು, ಬಿಸಿಲಿಗೆ ಹಾಕಾಕೆ ತೆಗೆದೆ ಅಂದರು. ಹೊರಗೆ ಕತ್ತಲಾಗುತ್ತಿತ್ತು.

ಅಕ್ಟೋಬರ್ ೨೮

ಇದ್ದತ್ ನಿನ್ನೆಗೆ ಮುಗಿಯಿತು. ಇವತ್ತು ಹತ್ತು ಗಂಟೆ ಸುಮಾರಿಗೆ ಅನೀಸ್ ಭಾಯಿ ಕಾರು ತಂದರು. ಬೆಳಗಿನ ನಮಾಜಿನಿಂದಲೇ ಅತ್ತೆ ಬುರ್ಖಾ ಹಾಕಿಕೊಂಡು, ಮುಖದ ಮೇಲೆ ನಕಾಬ್ ಇಳಿಬಿಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಚಹಾ ಕೊಟ್ಟರೆ ಬೇಡವೆಂದರು.

"ನಿನ್ನ ಸಾಮಾನೆಲ್ಲಿ ಮಸರತ್?" ಎಂದು ಭಾಯಿ ಕೇಳಿದರು.

"ಕಟ್ಟಿಲ್ಲ ಭಾಯಿ. ನಾನು ಬರಲ್ಲ."

ಅಂಗಡಿಯ ಲೆಕ್ಕ ಮೊದಲೇ ಮಾತಾಡಿಸಿದ್ದೆ, ಈ ಮಾತು ಮಾತ್ರ ಯೋಚಿಸಿದ್ದಲ್ಲ. ಬಾಯಿಗೆ ಬಂತು, ಹೇಳಿದೆ.

"ಅವತ್ತು ಆಯ್ತು ಅಂದಿದ್ದೆ."

"ಅಂದಿದ್ದೆ. ಅವತ್ತು ನೀವು ಏನು ಕೇಳಿದ್ರೂ ಆಯ್ತು ಅಂತಿದ್ದೆ. ಅಂಗಡೀನ ಆಕಿಬ್ ನಡೆಸ್ತಾನೆ, ನಮ್ಮ ಪಾಲು ಮನೆಗೆ ತಲುಪಿಸ್ತಾನೆ, ಸಾಯಿಮಾ ಕೈಲಿ ಮಾತಾಡಿಸಿದೀನಿ. ಮಾ, ನಾನು ಇಬ್ಬರೂ ಇಲ್ಲೇ ಇರ್ತೀವಿ. ಹಬ್ಬಕ್ಕೆ ಇಬ್ಬರೂ ಹೊನ್ನಾಳಿಗೆ ಬರ್ತೀವಿ, ಆ ಕೋಣೆಯಾಗೆ ಇಬ್ಬರಿಗೂ ಹಾಸಿಗೆ ಹಾಕ್ಸಿರಿ."

ಭಾಯಿ ಸಿಟ್ಟಾಗಲಿಲ್ಲ. ಕಾರನ್ನು ನೆರಳಿಗೆ ಹಾಕಿ ಬರುತ್ತೇನೆಂದು ಹೊರಗೆ ಹೋದರು.

ಅತ್ತೆ ಅಲುಗಲಿಲ್ಲ. ಕಿವಿ ಚುರುಕಾಗಿದೆ, ಎಲ್ಲ ಕೇಳಿಸಿಕೊಂಡಿದ್ದರು. ಆದರೂ ಚೀಲವನ್ನು ಗಟ್ಟಿಯಾಗಿ ಹಿಡಿದೇ ಇದ್ದರು. ನಾನು ಬೆರಳು ಬಿಡಿಸಿ ಚೀಲ ತೆಗೆದುಕೊಂಡೆ.

"ಬುರ್ಖಾ ತೆಗೀರಿ ಮಾ. ಅಡುಗೆ ಆಗ್ಬೇಕು, ಭಾಯಿ ಊಟ ಮಾಡ್ಕೊಂಡು ಹೋಗ್ಲಿ."

"ಎಲ್ಲಿ ಅಡುಗೆ?"

"ನಮ್ಮ ಮನೇಲಿ, ಇನ್ನೆಲ್ಲಿ."

ಅವರು ಎರಡೂ ತೋಳು ಮೇಲೆತ್ತಿದರು. ನಾನು ಬುರ್ಖಾ ತಲೆಯ ಮೇಲಿಂದ ಎಳೆದು ತೆಗೆದೆ. ನಕಾಬಿನ ಒಳಗೆ ಮುಖವೆಲ್ಲ ತೊಯ್ದುಹೋಗಿತ್ತು. ಬೆಳಗಿನಿಂದ ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಮಗನನ್ನು ಮಣ್ಣಿಗೆ ಕಳಿಸಿದ ದಿನವೂ ಅತ್ತಿರದವರು ನನ್ನ ಹೊಟ್ಟೆಗೆ ಮುಖ ಒತ್ತಿ, "ಗೌಸೂ, ನನ್ನ ಗೌಸೂ" ಎಂದು ಬೀದಿಗೆಲ್ಲ ಕೇಳುವಂತೆ ಅತ್ತರು. ನಾನು ಬಾಗಿಲು ಹಾಕಲಿಲ್ಲ. ಅವರ ಬೆನ್ನು ಸವರುತ್ತ, ಅಳಲಿ ಎಂದು ನಿಂತಿದ್ದೆ.